ಒಣಗಿಲ್ಲ, ನಾಳೆ ಬನ್ನಿ

ಫೆಬ್ರವರಿ ೩

ಪ್ರೀತಿಯ ಅಕ್ಕ,

ನಿನ್ನೆ ಫೋನಿನಲ್ಲಿ ನಾನು ಹೇಳಿದ್ದು "ನನ್ನ ಕತೆ ಒಪ್ಪಿಕೊಂಡ್ರು" ಎಂದು. ನಿನಗೆ ಕೇಳಿಸಿದ್ದು "ನನ್ನ ಕತ್ತೆ ತಪ್ಪಿಸಿಕೊಂಡ್ತು" ಎಂದು. "ಯಾವಾಗಿಂದ ಕತ್ತೆ ಸಾಕ್ತಿದೀಯ?" ಎಂದು ಕೇಳಿದೆ. ನಾನು ಮತ್ತೆ ಮತ್ತೆ ಕಿರುಚಿದೆ. ಆಫೀಸಿನ ಕಾರಿಡಾರಿನಲ್ಲಿ ಹೋಗುತ್ತಿದ್ದವರೆಲ್ಲ ನಿಂತು ನೋಡಿದರು. ನೀನು ಮಾತ್ರ "ಪೊಲೀಸರಿಗೆ ಹೇಳು, ಎಲ್ಲೂ ಹೋಗಿರಲ್ಲ" ಎಂದು ಸಮಾಧಾನ ಹೇಳಿ ಫೋನ್ ಇಟ್ಟೆ. ಅದಕ್ಕೇ ಈ ಕಾಗದ. ಅಷ್ಟು ವರ್ಷ ಲಾಂಡ್ರಿಯ ಮೆಷಿನ್ನುಗಳ ಪಕ್ಕ ನಿಂತು ನಿನ್ನ ಕಿವಿ ಮಂದವಾಗಿದೆ, ಕಣ್ಣಿಗೇನೂ ಆಗಿಲ್ಲ. ಇನ್ನು ಮುಂದೆ ನಮ್ಮ ಮಾತುಕತೆ ಹೀಗೇ ನಡೆಯಲಿ.

ಇಷ್ಟು ದಿನ ಈ ಟಿವಿ ಕಂಪನಿಯಲ್ಲಿ ನಾನು ಬೇರೆಯವರು ಬರೆದ ಹಾಸ್ಯಕ್ಕೆ ಉಪ್ಪು ಖಾರ ಹಾಕುತ್ತಿದ್ದೆ. ಈಗ ನನ್ನದೇ ಒಂದು ಸಿಟ್‌ಕಾಮ್ ಬರೆಯಲು ಹೇಳಿದ್ದಾರೆ. ಕತೆ ನಡೆಯುವುದು ಒಂದು ಲಾಂಡ್ರಿಯಲ್ಲಿ. ಒಡತಿ ಮಧ್ಯವಯಸ್ಸಿನ ಹೆಂಗಸು, ಬಾಯಿ ಜೋರು, ಮನಸ್ಸು ಮೆತ್ತಗೆ. ಯಾರಿರಬಹುದು ಎಂದು ತಲೆ ಕೆಡಿಸಿಕೊಳ್ಳಬೇಡ.

ನಮ್ಮ ಬರಹಗಾರರ ಕೋಣೆಯಲ್ಲಿ ಒಬ್ಬ ಹಿರಿಯರಿದ್ದಾರೆ. ನಾವೆಲ್ಲ ಅವರನ್ನು ತಾತ ಎನ್ನುತ್ತೇವೆ. ಸಂಜೆ ನನ್ನನ್ನು ಕೂರಿಸಿಕೊಂಡು ಪಾಠ ಮಾಡಿದರು.

"ನಗು ಬಂದ ಮಾತ್ರಕ್ಕೆ ಅದು ಸಿಟ್‌ಕಾಮ್ ಆಗಲ್ಲ ಕಣಮ್ಮ. ಸರ್ಕಸ್ಸಿನಲ್ಲೂ ನಗು ಬರುತ್ತೆ. ಒಂದು ಜಾಗ ಇರಬೇಕು. ಅಲ್ಲಿ ಅದೇ ಜನ ವಾರ ವಾರ ಸಿಗಬೇಕು. ಒಬ್ಬರಿಗೊಬ್ಬರು ಆಗಿಬರಬಾರದು, ಬಿಟ್ಟುಹೋಗೋಕೂ ಆಗಬಾರದು. ಏನೋ ಎಡವಟ್ಟು ಆಗುತ್ತೆ. ಅರ್ಧ ಗಂಟೆ ಮುಗಿಯೋ ಹೊತ್ತಿಗೆ ಎಲ್ಲರೂ ಮೊದಲು ಎಲ್ಲಿದ್ರೋ ಅಲ್ಲೇ ಬಂದು ನಿಂತಿರಬೇಕು."

"ಯಾರೂ ಬದಲಾಗೋದೇ ಇಲ್ವಾ ತಾತ?"

"ಬದಲಾಗಿಬಿಟ್ರೆ ಮುಂದಿನ ವಾರ ಯಾರನ್ನ ನೋಡೋಕೆ ಕೂರ್ತಾರೆ?"

ಅಂಗಡಿಯಲ್ಲಿ ನಡೆಯುವುದನ್ನೆಲ್ಲ ಬರೆದು ಕಳಿಸು. ಗಿರಾಕಿಗಳು, ಜಗಳ, ಕಳೆದುಹೋದ ಕಾಲುಚೀಲ, ಏನಾದರೂ ಸರಿ.

ನಿನ್ನ
ಪುಟ್ಟಿ


ಫೆಬ್ರವರಿ ೧೯

ಪುಟ್ಟಿ,

ಕತ್ತೆ ಇಲ್ಲ ಎಂದು ತಿಳಿದು ಸಮಾಧಾನವಾಯಿತು. ಬಾಡಿಗೆ ಮನೆಯಲ್ಲಿ ಅದನ್ನೆಲ್ಲಿ ಕಟ್ಟಿಕೊಂಡಿದ್ದೀಯೋ ಎಂದು ನಾನು ಯೋಚನೆ ಮಾಡುತ್ತಿದ್ದೆ.

ನನ್ನನ್ನು ಟಿವಿಯಲ್ಲಿ ಹಾಕುತ್ತೀಯ, ಹಾಕಿಕೋ. ಒಂದೇ ಮಾತು, ನನ್ನ ಕಿವಿಯ ವಿಷಯ ಬರಕೂಡದು. ಬಾಯಿ ಜೋರು ಎಂದು ಊರಿಗೆಲ್ಲ ಗೊತ್ತಿದೆ, ಅದಕ್ಕೆ ಅಭ್ಯಂತರವಿಲ್ಲ.

ನಿನ್ನ ಸಿಟ್‌ಕಾಮ್ ಎಂದರೇನು ಎಂದು ತಿಳಿಯಲು ಮೊನ್ನೆ ಭಾನುವಾರ ನಮ್ಮ ಅಂಗಡಿಯ ಇಸ್ತ್ರಿಯಮ್ಮನ ಜೊತೆ ಕೂತು ಎರಡು ಮೂರು ನೋಡಿದೆ. ಮಾತು ಕೆಳಗೆ ಅಕ್ಷರದಲ್ಲಿ ಬರುತ್ತದಲ್ಲ, ಅದನ್ನು ಓದಿಕೊಂಡೆ. ಒಂದು ಅರ್ಥವಾಗಲಿಲ್ಲ. ಒಬ್ಬ ಒಂದು ಮಾತು ಆಡುತ್ತಾನೆ, ಆಮೇಲೆ ಎಲ್ಲರೂ ಬಸ್ಸಿಗೆ ಕಾಯುವವರ ಹಾಗೆ ಸುಮ್ಮನೆ ನಿಂತುಬಿಡುತ್ತಾರೆ. ಮತ್ತೆ ಮಾತು, ಮತ್ತೆ ನಿಲ್ಲುವುದು. ಕೇಳಿದರೆ ಇಸ್ತ್ರಿಯಮ್ಮ ಬಾಯಿ ಅಗಲಿಸಿ ಹೇಳಿದಳು, "ಜನ ನಗ್ತಿದಾರೆ ಕಣೆ." ಯಾವ ಜನ? ಆ ಮನೆಯಲ್ಲಿ ಗಂಡ, ಹೆಂಡತಿ, ಮಾವ ಬಿಟ್ಟರೆ ಒಂದು ನರಪಿಳ್ಳೆ ಇರಲಿಲ್ಲ.

ಗಿರಾಕಿಗಳ ಕತೆ ಕೇಳಿದ್ದೀಯ. ಹೊಸಬರೊಬ್ಬರು ಗಂಟುಬಿದ್ದಿದ್ದಾರೆ. ಈಜುಕೊಳದಲ್ಲಿ ಈಜು ಕಲಿಸುವ ಮೇಷ್ಟ್ರು. ಕೊಳದ ಟವೆಲ್ಲುಗಳನ್ನೆಲ್ಲ ಗಂಟು ಕಟ್ಟಿ ತಂದು ಕೌಂಟರಿನ ಮೇಲೆ ಹಾಕುತ್ತಾರೆ, ಒಯ್ಯಲು ಬಂದಾಗ ತಕರಾರು ತೆಗೆಯುತ್ತಾರೆ. ಹೋದ ವಾರ ಒಂದು ಟವೆಲ್ ಬಿಚ್ಚಿ ಹೊಟ್ಟೆಗೆ ಸುತ್ತಿಕೊಂಡು ಅಂಗಡಿಯ ಮಧ್ಯೆ ನಿಂತರು.

"ನೋಡಿ ಮೇಡಂ. ಕೊಟ್ಟಾಗ ಪೂರ್ತಿ ಸುತ್ತು ಬರ್ತಿತ್ತು. ಈಗ ತುದಿಗೆ ತುದಿ ಸೇರ್ತಿಲ್ಲ. ನಿಮ್ಮ ಮೆಷಿನ್ನು ಟವೆಲ್ ತಿಂತಿದೆ."

"ಮೆಷಿನ್ನು ತಿಂತಿಲ್ಲ ಮೇಷ್ಟ್ರೇ, ತಿಂತಿರೋರು ಬೇರೆ ಯಾರೋ."

ಇಸ್ತ್ರಿಯಮ್ಮ ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟು ನಗಲು ಒಳಗೆ ಹೋದಳು. ಆ ಮನುಷ್ಯನದು ಎಂಥ ಗಂಟಲು ಅಂತೀಯ. ಕೊಳದ ಆ ತುದಿಯಲ್ಲಿ ಮುಳುಗುತ್ತಿರುವವನಿಗೂ ಕೇಳಿಸಲಿ ಎಂದು ಬೆಳೆಸಿಕೊಂಡ ದನಿ. ಅವರು ಏನು ಬೈದರೂ ನನಗೆ ಒಂದಕ್ಷರ ಬಿಡದೆ ಕೇಳಿಸುತ್ತದೆ, ಅದೇ ಕರ್ಮ.

ಇಂತಿ
ಅಕ್ಕ


ಏಪ್ರಿಲ್ ೨೨

ಪ್ರೀತಿಯ ಅಕ್ಕ,

ಶುರುವಾಗಿದೆ. ಹೆಸರನ್ನು ನಿನ್ನ ಬಾಯಿಂದಲೇ ಎತ್ತಿಕೊಂಡಿದ್ದೇನೆ: "ಒಣಗಿಲ್ಲ, ನಾಳೆ ಬನ್ನಿ." ದಿನಕ್ಕೆ ಎಷ್ಟು ಸಲ ಹೇಳುತ್ತೀಯೋ ನಿನಗೇ ಲೆಕ್ಕವಿಲ್ಲ.

ಲಾಂಡ್ರಿಯನ್ನು ಒಂದು ದೊಡ್ಡ ಷೆಡ್ಡಿನಲ್ಲಿ ಕಟ್ಟಿದ್ದಾರೆ. ಮೂರೇ ಗೋಡೆ. ನಾಲ್ಕನೆಯ ಗೋಡೆ ಇರಬೇಕಾದ ಕಡೆ ಕ್ಯಾಮೆರಾಗಳು, ಅವುಗಳ ಹಿಂದೆ ಮೆಟ್ಟಿಲು ಮೆಟ್ಟಿಲಾಗಿ ಮರದ ಹಲಗೆ ಜೋಡಿಸಿದ ಬೆಂಚುಗಳು. ಅಲ್ಲಿ ಜನ ಬಂದು ಕೂತು ನೋಡುತ್ತಾರೆ. ನೀನು ಕೇಳಿದ ಆ ಜನ ಇವರೇ. ಇವರು ನಗುವುದು ಮುಗಿಯಲಿ ಎಂದು ನಟರು ಮುಂದಿನ ಮಾತನ್ನು ತಡೆದು ನಿಲ್ಲುತ್ತಾರೆ, ಇಲ್ಲದಿದ್ದರೆ ಮಾತು ನಗುವಿನಲ್ಲಿ ಮುಚ್ಚಿಹೋಗುತ್ತದೆ. ಕೆಲವು ಕಡೆ ಜನರನ್ನು ಕೂರಿಸದೆ ಎಂದೋ ಹಿಡಿದಿಟ್ಟ ನಗುವನ್ನೇ ತಂದು ಸೇರಿಸುತ್ತಾರೆ. ತಾತನಿಗೆ ಅದು ಸುತರಾಂ ಆಗದು.

ಟವೆಲ್ ಮೇಷ್ಟ್ರ ಪಾತ್ರ ಬಂದದ್ದೇ ತಡ, ಜನ ಬೆಂಚಿನ ಮೇಲೆ ನೆಟ್ಟಗೆ ಕೂರಲಿಲ್ಲ. ಚಾನೆಲ್ಲಿನಿಂದ ಒಬ್ಬರು ಮೇಡಂ ಬಂದು ನೋಡಿದರು. ಏನು ಪ್ರಸಾರವಾಗಬೇಕು, ಏನು ಬಾರದು ಎಂದು ತೀರ್ಮಾನಿಸುವವರು ಅವರೇ. ರೆಕಾರ್ಡಿಂಗ್ ಮುಗಿದ ಮೇಲೆ ಅವರಿಗೂ ತಾತನಿಗೂ ವಾದ ಹತ್ತಿಕೊಂಡಿತು. ಜನರ ನಗು ಕೇಳಿಸಿದರೆ ಸಿಟ್‌ಕಾಮ್, ಕೇಳಿಸದಿದ್ದರೆ ಅಲ್ಲ ಎಂದು ಮೇಡಂ. ನಗುವೇ ಕೇಳಿಸದ ಸಿಟ್‌ಕಾಮುಗಳು ಬೇಕಾದಷ್ಟಿವೆ, ಮುಖ್ಯ ಜಾಗ ಮತ್ತು ಜನ ಎಂದು ತಾತ. "ಜಾಗ, ಜನ ಅಂದ್ರೆ ನಮ್ಮ ಆಫೀಸೂ ಸಿಟ್‌ಕಾಮೇ" ಎಂದರು ಮೇಡಂ. "ನಿಮಗೆ ಈಗ ಗೊತ್ತಾಯ್ತಾ?" ಎಂದರು ತಾತ.

ಟವೆಲ್ ಮೇಷ್ಟ್ರ ಹೊಸ ಜಗಳ ಏನಿದ್ದರೂ ಕೂಡಲೇ ಬರಿ. ದಾಸ್ತಾನು ಮುಗಿಯುತ್ತಾ ಬಂದಿದೆ.

ನಿನ್ನ
ಪುಟ್ಟಿ


ಮೇ ೩೦

ಪುಟ್ಟಿ,

ಬರೆಯುವಂಥದ್ದು ಏನೂ ಇಲ್ಲ.

ದೊಡ್ಡ ಡ್ರೈಯರಿನ ಬೆಲ್ಟ್ ಕಿತ್ತುಹೋಗಿತ್ತು, ಮೇಷ್ಟ್ರು ಕೂತು ಹಾಕಿಕೊಟ್ಟರು. ಟವೆಲ್ ವಿಷಯ ಎತ್ತಲಿಲ್ಲ. ನಾನೂ ಕೆದಕಲಿಲ್ಲ. ಇಸ್ತ್ರಿಯಮ್ಮನ ಮೊಣಕಾಲು ಈಗ ಪರವಾಗಿಲ್ಲ.

ಮಂಗಳವಾರ, ಶುಕ್ರವಾರ ಬೆಳಿಗ್ಗೆ ಅಂಗಡಿ ತುಸು ತಡವಾಗಿ ತೆಗೆಯುತ್ತಿದ್ದೇನೆ. ಈ ವಯಸ್ಸಿನಲ್ಲಿ ಮೈಕೈ ಆಡಿಸಬೇಕಂತೆ. ಅಂಗಾತ ತೇಲುವುದು ಬಂತು. ಕಾಲು ಬಡಿಯುವುದು ಇನ್ನೂ ಸರಿಯಾಗಿಲ್ಲ. ಕಿವಿಯೊಳಗೆ ನೀರು ಹೋಗುತ್ತದೆ ಎಂದು ಬೇರೆ ಹೆಂಗಸರು ಟೋಪಿ ಹಾಕಿಕೊಳ್ಳುತ್ತಾರೆ. ನನಗೆ ಆ ಚಿಂತೆ ಇಲ್ಲ, ಹೋದರೆ ನಷ್ಟವೇನೂ ಇಲ್ಲ.

ಕಾರ್ಯಕ್ರಮ ನೋಡುತ್ತಿದ್ದೇನೆ. ಆ ನಟಿ ಬಟ್ಟೆ ಮಡಿಸುವ ರೀತಿ ನೋಡಲಾಗದು. ಯಾರಾದರೂ ಹೇಳಿಕೊಡಿ.

ಇಂತಿ
ಅಕ್ಕ


ಜೂನ್ ೨೧

ಪ್ರೀತಿಯ ಅಕ್ಕ,

"ಬರೆಯುವಂಥದ್ದು ಏನೂ ಇಲ್ಲ" ಎಂದು ಬರೆದು, ಅದರ ಕೆಳಗೆ ಈಜು ಕಲಿಯುತ್ತಿದ್ದೇನೆ ಎಂದು ಬರೆದಿದ್ದೀಯ. ಚಿಕ್ಕವಳಿದ್ದಾಗ ನಾನು ಮಳೆಯಲ್ಲಿ ಆಡಿದರೆ ಕಿವಿ ಹಿಂಡುತ್ತಿದ್ದವಳು ನೀನು. ಕಲಿಸುವವರು ಯಾರೆಂದು ಕೇಳುವುದಿಲ್ಲ. ಈ ನಡುವೆ ನೀನು ಅವರನ್ನು ಬೈಯುವುದನ್ನು ಬಿಟ್ಟಿದ್ದೀಯ ಎಂಬುದನ್ನು ಮಾತ್ರ ಗಮನಿಸಿದ್ದೇನೆ. ನನ್ನ ಹೊಟ್ಟೆಪಾಡು ನಿನ್ನ ಬೈಗುಳದಿಂದ ನಡೆಯುತ್ತಿದೆ ಎಂಬುದು ನೆನಪಿರಲಿ.

ಇಲ್ಲಿ ಎಲ್ಲ ಚೆನ್ನಾಗಿದೆ. ಜನಕ್ಕೆ ಇಷ್ಟವಾಗಿದೆ, ಇನ್ನಷ್ಟು ಕಂತು ಬೇಕಂತೆ. ಬರಹಗಾರರ ಕೋಣೆಗೆ ಒಂದು ಕಿಟಕಿಯೂ ಸಿಕ್ಕಿತು. ನೋಡುವವರು ಮಾತ್ರ "ಒಡತಿಗೂ ಮೇಷ್ಟ್ರಿಗೂ ಯಾವಾಗ ಮದುವೆ?" ಎಂದು ಬರೆದು ಕೇಳುತ್ತಿದ್ದಾರೆ. ಮೇಡಂ ನಿನ್ನೆ ಖಡಾಖಂಡಿತವಾಗಿ ಹೇಳಿದರು: "ಅವರಿಬ್ಬರಿಗೆ ಮದುವೆ ಮಾಡಿಸಿದ್ರೆ ಅದು ಸಿಟ್‌ಕಾಮ್ ಅಲ್ಲ, ಸಂಸಾರದ ಧಾರಾವಾಹಿ. ಅದು ನನ್ನ ವಿಭಾಗವೇ ಅಲ್ಲ, ಅವತ್ತೇ ನಿಲ್ಲಿಸ್ತೀನಿ." ಆದ್ದರಿಂದ ನನ್ನ ಲಾಂಡ್ರಿಯಲ್ಲಿ ಅವರಿಬ್ಬರೂ ಆಜೀವ ಪರ್ಯಂತ ಕೌಂಟರಿನ ಆಚೆ ಈಚೆ ನಿಂತು ಜಗಳವಾಡುತ್ತಲೇ ಇರಬೇಕು. ಅವರು ನಿಂತಿದ್ದರೆ ನಮಗೆಲ್ಲ ಕೆಲಸ.

ಕಾಲು ಬಡಿಯುವುದು ಸರಿಹೋಯಿತೇ?

ನಿನ್ನ
ಪುಟ್ಟಿ


ಜುಲೈ ೧೭

ಪುಟ್ಟಿ,

ಹೇಗೆ ಬರೆಯಬೇಕು ಎಂದು ತಿಳಿಯದೆ ಇಷ್ಟು ದಿನ ತಡವಾಯಿತು. ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಒಂದು ಬೆಳಿಗ್ಗೆ ಮೇಷ್ಟ್ರು ಗಂಟಿಲ್ಲದೆ ಬಂದರು. ಬರಿಗೈಯಲ್ಲಿ ಅವರು ಬಂದದ್ದು ಅದೇ ಮೊದಲು. ನಾನು ಬಗ್ಗಿ ಮೆಷಿನ್ನಿನಿಂದ ಬಟ್ಟೆ ತೆಗೆಯುತ್ತಿದ್ದೆ. ಅವರು ಕೌಂಟರಿನ ಆಚೆ ನಿಂತು ತಮ್ಮ ಆ ದನಿಯಲ್ಲಿ, "ನಾವಿಬ್ಬರೂ ಮದುವೆ ಆಗೋಣ್ವಾ?" ಎಂದರು. ನನಗೆ ಸ್ಪಷ್ಟವಾಗಿ ಕೇಳಿಸಿತು. ಪಕ್ಕದ ಬೇಕರಿಯವನಿಗೆ ಕೇಳಿಸಿತು. ರಸ್ತೆಯಾಚೆ ಸೈಕಲ್ ನಿಲ್ಲಿಸುತ್ತಿದ್ದವರಿಗೂ ಕೇಳಿಸಿತು. ನನ್ನ ಕೈಯಲ್ಲಿ ಒದ್ದೆ ಬೆಡ್‌ಶೀಟ್ ಇತ್ತು. ಬಾಯಿಗೆ ಬೇರೇನೂ ಬರಲಿಲ್ಲ, "ಇನ್ನೂ ಒಣಗಿಲ್ಲ, ನಾಳೆ ಬನ್ನಿ" ಎಂದುಬಿಟ್ಟೆ.

ಅವರು ತಲೆಯಾಡಿಸಿ ಹೋದರು. ಮರುದಿನ ಬಂದರು. "ಒಣಗ್ತಾ?" ಎಂದರು. ನಾಳೆ ಬನ್ನಿ ಎಂದೆ. ಅಂದಿನಿಂದ ದಿನಾ ಬರುತ್ತಿದ್ದಾರೆ, ಕೇಳಿ ಹೋಗುತ್ತಿದ್ದಾರೆ. ಮುಖದಲ್ಲಿ ಒಂದಿಷ್ಟೂ ಬೇಸರವಿಲ್ಲ. ಬೇಕರಿಯವನು ಈಗ ಆ ಹೊತ್ತಿಗೆ ಸರಿಯಾಗಿ ಹೊರಗೆ ಬಂದು ನಿಲ್ಲುತ್ತಾನೆ.

ನಾನು ಹೂಂ ಎನ್ನುವುದಿಲ್ಲ. ನಿನ್ನ ಕಾರ್ಯಕ್ರಮ ನನ್ನಿಂದ ಕೆಡುವುದು ಬೇಡ. ನಿನ್ನ ಮೇಡಂ ಹೇಳಿದ್ದನ್ನು ನೀನೇ ಬರೆದಿದ್ದೀಯ. ಇಲ್ಲಿ ನಾವು ಮದುವೆಯಾಗಿ ಕೂತರೆ ಅಲ್ಲಿ ಜಗಳಕ್ಕೆ ನಿನಗೆ ಸರಕು ಎಲ್ಲಿಂದ? ಅಷ್ಟು ಜನರ ಕೆಲಸ ಹೋಗುತ್ತದೆ. ನನಗೇನೂ ಆತುರವಿಲ್ಲ, ಇಷ್ಟು ವರ್ಷ ಇದ್ದ ಹಾಗೆ ಇರುತ್ತೇನೆ. ನೀನು ಯೋಚನೆ ಮಾಡಬೇಡ.

ಇಂತಿ
ಅಕ್ಕ


ಜುಲೈ ೨೦

ಅಕ್ಕ,

ನಿನಗೇನು ತಲೆ ಕೆಟ್ಟಿದೆಯೇ?

ಅಮ್ಮ ಹೋದಾಗ ಪುಟ್ಟಿಯ ಓದು ಮುಗಿಯಲಿ ಎಂದೆ. ಓದು ಮುಗಿದಾಗ ಪುಟ್ಟಿಗೊಂದು ಕೆಲಸ ಸಿಗಲಿ ಎಂದೆ. ಕೆಲಸ ಸಿಕ್ಕಿತು. ಈಗ ಪುಟ್ಟಿಯ ಕಾರ್ಯಕ್ರಮ ಎನ್ನುತ್ತಿದ್ದೀಯ. ನಾನು ನಿನ್ನ ತಂಗಿ, ನಿನ್ನ ಅಂಗಡಿಯ ಷಟರ್ ಅಲ್ಲ. ಬೇಕಾದಾಗ ಎಳೆದುಕೊಂಡು ಅದರ ಹಿಂದೆ ಕೂರಬೇಡ.

ನನ್ನ ಲಾಂಡ್ರಿಯದು ಮೂರು ಗೋಡೆಯ ಸೆಟ್ಟು. ಅಲ್ಲಿನವಳು ಎಲ್ಲಿ ನಿಲ್ಲಬೇಕು ಎಂದು ನಾನು ಹೇಳಬಲ್ಲೆ. ನೀನು ಎಲ್ಲಿ ನಿಲ್ಲಬೇಕು ಎಂದು ಆ ಮೇಡಂ ಹೇಳುವುದು ಬೇಡ. ಕಾರ್ಯಕ್ರಮ ನಿಂತರೆ ಇನ್ನೊಂದು ಬರೆಯುತ್ತೇನೆ, ಬೇಕರಿಯ ಮೇಲೆ.

ನಿನಗೆ ಭಯವಾದರೆ ಭಯ ಎಂದು ಬರೆ. ಬಸ್ಸು ಹತ್ತಿ ಬರುತ್ತೇನೆ. ಇಬ್ಬರೂ ಕೂತು ಹೆದರೋಣ. ಆದರೆ ನಾಳೆ ಅವರು ಬಂದು ಕೇಳಿದಾಗ ನಿಜವಾದ ಉತ್ತರ ಕೊಡು.

ಪುಟ್ಟಿ


ಜುಲೈ ೨೪

ಪುಟ್ಟಿ,

ಒಣಗಿದೆ ಎಂದೆ.

ಬೇಕರಿಯವನು ಚಪ್ಪಾಳೆ ಹೊಡೆದ. ನಿನ್ನ ರಜೆ ಯಾವಾಗ ಎಂದು ಬರಿ. ರಿಜಿಸ್ಟ್ರಾರ್ ಕಚೇರಿಯಲ್ಲಿ ಸಾಕ್ಷಿಗೆ ನೀನೂ ಇಸ್ತ್ರಿಯಮ್ಮನೂ ಬೇಕರಿಯವನೂ.

ಭಯವಾಗಿತ್ತು. ಈಗಲೂ ಇದೆ. ಬೇಗ ಬಾ.

ಅಕ್ಕ


ಸೆಪ್ಟೆಂಬರ್ ೧೧

ಪ್ರೀತಿಯ ಅಕ್ಕ, ಭಾವ,

ಬಂದು ತಲುಪಿದೆ. ನೀವು ಕೊಟ್ಟ ಟವೆಲ್ಲುಗಳು ದೊಡ್ಡದಾಗಿಯೇ ಇವೆ, ಭಾವ. ಒಗೆದು ನೋಡಿದೆ.

ರಿಜಿಸ್ಟ್ರಾರ್ ಕಚೇರಿಯಲ್ಲಿ ನಡೆದದ್ದನ್ನು ನಮ್ಮ ಕೋಣೆಯಲ್ಲಿ ಹೇಳಿದೆ. ಆ ಅಧಿಕಾರಿ ಕಡತ ನೋಡುತ್ತಾ ಗುಣುಗುಟ್ಟುವುದು, ಅಕ್ಕ "ಏನು?" ಎನ್ನುವುದು, ಅವರು ಮತ್ತೆ ಅಷ್ಟೇ ಮೆಲ್ಲಗೆ ಕೇಳುವುದು, ಕೊನೆಗೆ ಭಾವ ಎದ್ದುನಿಂತು, "ನನ್ನನ್ನ ಮದುವೆ ಆಗೋಕೆ ಒಪ್ಪಿಗೆ ಇದೆಯಾ ಅಂತ ಕೇಳ್ತಿದಾರೆ" ಎಂದು ಕಟ್ಟಡ ನಡುಗುವ ಹಾಗೆ ಕೂಗಿದ್ದು. "ಎಷ್ಟು ಸಲ ಹೇಳಲಿ, ಹೂಂ" ಎಂದು ನೀನು ಗದರಿದೆ. ಪಕ್ಕದ ಕೋಣೆಯವರು ಬಾಗಿಲು ತೆರೆದು ಶುಭಾಶಯ ಹೇಳಿದರು. ತಾತ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಆದರೆ ನನ್ನ ತಲೆಯಲ್ಲಿ ಉಳಿದದ್ದು ಮರುದಿನ ಬೆಳಗಿನ ಸಂಗತಿ. ನಾನು ಎದ್ದು ಅಂಗಡಿಗೆ ಬಂದಾಗ ಭಾವ ಕೌಂಟರಿನ ಒಳಗಡೆ ನಿಂತಿದ್ದರು. ಟವೆಲ್ಲನ್ನು ಸುರುಳಿ ಸುತ್ತುತ್ತಿದ್ದರು. ನೀನು ಅದನ್ನು ಕಿತ್ತುಕೊಂಡು ಬಿಚ್ಚಿ ಮಡಿಸುತ್ತಿದ್ದೆ.

"ಸುರುಳಿ ಸುತ್ತಿದ್ರೆ ಜಾಗ ಕಡಿಮೆ ಸಾಕು" ಎಂದರು ಭಾವ.

"ಇದು ಲಾಂಡ್ರಿ, ಹಾಸಿಗೆ ಅಂಗಡಿ ಅಲ್ಲ" ಎಂದೆ ನೀನು.

ಅದೇ ಜಗಳ, ಅದೇ ದನಿ. ಒಬ್ಬರು ಕೌಂಟರ್ ದಾಟಿ ಬಂದಿದ್ದರು, ಅಷ್ಟೇ. ನಾನು ಬಾಗಿಲಲ್ಲೇ ನಿಂತು ನಕ್ಕೆ. ನಿಮಗಿಬ್ಬರಿಗೂ ಗೊತ್ತಾಗಲೇ ಇಲ್ಲ.

ಇಲ್ಲಿಗೆ ಬಂದವಳೇ ಕೂತು ಮದುವೆಯ ಕಂತು ಬರೆದೆ. ಮದುವೆ ನಡೆಯುವುದು ಲಾಂಡ್ರಿಯಲ್ಲೇ, ಮೆಷಿನ್ನುಗಳೆಲ್ಲ ಓಡುತ್ತಿರುವಾಗ. ಆ ಸದ್ದಿಗೆ ಯಾರಿಗೂ ಏನೂ ಕೇಳಿಸುವುದಿಲ್ಲ. ಕಿವಿಯ ವಿಷಯ ತಂದಿಲ್ಲ, ಮಾತು ಕೊಟ್ಟಿದ್ದೇನೆ. ಮೇಡಂ ಓದಿ ಪುಟಗಳನ್ನು ಮೇಜಿನ ಮೇಲಿಟ್ಟರು.

"ಮದುವೆ ಆದ ಮೇಲೆ ನಗು ಎಲ್ಲಿಂದ ಬರುತ್ತೆ?"

ತಾತ ಕೇಳಿದರು, "ಮೇಡಂ, ನಿಮಗೆ ಮದುವೆ ಆಗಿದೆಯಲ್ಲ?"

"ಆಗಿದೆ. ಬಹಳ ವರ್ಷ ಆಯ್ತು."

"ಆಮೇಲೆ ನಗುವೇ ಬರಲಿಲ್ವಾ?"

ಮೇಡಂ ಪುಟಗಳನ್ನು ಮತ್ತೆ ಕೈಗೆತ್ತಿಕೊಂಡರು. ಆಮೇಲೆ, "ಮೊನ್ನೆ ನಮ್ಮನೆಯವರು ಕನ್ನಡಕ ಹುಡುಕೋಕೆ ಅಂತ" ಎಂದು ಶುರುಮಾಡಿದವರಿಗೆ ಮುಗಿಸಲಾಗಲಿಲ್ಲ, ನಗು ಬಂದು ಕುರ್ಚಿ ಹಿಡಿದುಕೊಂಡರು. ಅವರ ಹಲ್ಲು ನಾನು ಕಂಡದ್ದು ಅಂದೇ. ಅವರು ಚೇತರಿಸಿಕೊಳ್ಳುವಷ್ಟರಲ್ಲಿ ಭಾವನ ಸುರುಳಿ ಟವೆಲ್ಲಿನ ಕತೆಯನ್ನೂ ಹೇಳಿಬಿಟ್ಟೆ. "ಜಾಗ ಅದೇ, ಜನ ಅದೇ. ಈಗ ಮನೆಗೆ ಹೋಗ್ತೀನಿ ಅಂತ ಎದ್ದುಹೋಗೋಕೂ ಆಗಲ್ಲ, ಇಬ್ಬರದೂ ಮನೆ ಅದೇ" ಎಂದೆ.

ಕೊನೆಗೆ ಅವರು ಒಂದು ಕಂತಿಗೆ ಒಪ್ಪಿದ್ದಾರೆ. ಜನ ನಗದಿದ್ದರೆ, ಇದೆಲ್ಲ ಒಡತಿ ಕಂಡ ಕನಸು ಎಂದು ಮುಂದಿನ ವಾರ ತೋರಿಸಬೇಕಂತೆ. ಅದಕ್ಕಿಂತ ನಿಲ್ಲಿಸುವುದೇ ಮೇಲು ಎಂದು ತಾತ. ಅಕ್ಟೋಬರ್ ಎರಡನೆಯ ಶನಿವಾರ ಮಧ್ಯಾಹ್ನ ರೆಕಾರ್ಡಿಂಗ್. ಅಂಗಡಿಗೆ ಬೀಗ ಹಾಕಿ ಇಬ್ಬರೂ ಬನ್ನಿ.

ನಿಮ್ಮ
ಪುಟ್ಟಿ


ಅಕ್ಟೋಬರ್ ೧೬

ಪ್ರೀತಿಯ ಅಕ್ಕ,

ಕನಸು ಎಂದು ತೋರಿಸಬೇಕಾಗಿಲ್ಲ. ಮೇಡಂ ನಿನ್ನೆ ಕರೆದು ಹೇಳಿದರು, ಮುಂದುವರಿಸಿ ಎಂದು. ಭಾವನ ನಗು ಮೈಕಿನಲ್ಲಿ ಎಷ್ಟು ಜೋರಾಗಿ ಸೇರಿಕೊಂಡಿದೆಯೆಂದರೆ ಸೌಂಡಿನ ಹುಡುಗಿ ಅದನ್ನು ತಗ್ಗಿಸಲು ಎರಡು ದಿನ ಒದ್ದಾಡಿದಳಂತೆ. ತೆಗೆಯಬೇಡ ಎಂದು ತಾತ ಹೇಳಿದ್ದಾರೆ. ಕನ್ನಡಕದ ಕತೆ ನಮಗೆ ಬೇಕು ಎಂದು ಮೇಡಂ ಬೆನ್ನು ಹತ್ತಿದ್ದೇನೆ.

ಆದರೆ ನೀನು ರೆಕಾರ್ಡಿಂಗ್ ಮುಗಿದ ಕೂಡಲೇ ನನಗೆ ಒಂದು ಮಾತೂ ಹೇಳದೆ ಬಸ್ಸಿಗೆ ಹೊತ್ತಾಯಿತು ಎಂದು ಹೊರಟುಬಿಟ್ಟೆ. ಬಸ್ಸಿಗೆ ಬೇಕಾದಷ್ಟು ಹೊತ್ತಿತ್ತು. ಹಿಡಿಸಲಿಲ್ಲವೇ? ಕೋಪ ಬಂತೇ? ಬಂದಿದ್ದರೆ ಬರಿ, ತಿದ್ದುತ್ತೇನೆ.

ನಿನ್ನ
ಪುಟ್ಟಿ


ಅಕ್ಟೋಬರ್ ೨೪

ಪುಟ್ಟಿ,

ಕೋಪವಲ್ಲ. ಬಾಯಿ ತೆರೆದಿದ್ದರೆ ಅಳು ಬರುತ್ತಿತ್ತು. ಹಾಸ್ಯದ ಜಾಗದಲ್ಲಿ ಅತ್ತರೆ ನಿನ್ನ ಮೇಡಂ ನಿಮ್ಮೆಲ್ಲರನ್ನೂ ಸಂಸಾರದ ವಿಭಾಗಕ್ಕೆ ಕಳಿಸಿಬಿಟ್ಟಾರು ಎಂದು ಹೊರಟೆ.

ಅಷ್ಟು ದೂರದಿಂದ ನಟರ ಮಾತು ನನಗೆ ಒಂದೂ ಕೇಳಿಸಲಿಲ್ಲ. ಅಕ್ಷರವೂ ಇರಲಿಲ್ಲ. ಆ ನಟಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. ನಾನು ಹಾಗೆ ನಿಲ್ಲುವುದಿಲ್ಲ ಎಂದು ಇವರಿಗೆ ಹೇಳಿದೆ. ಇವರು ಮೊಣಕೈಯಿಂದ ತಿವಿದು ನನ್ನ ಕೈ ತೋರಿಸಿದರು. ಅದು ಕೂತಲ್ಲೇ ಸೊಂಟದ ಮೇಲಿತ್ತು.

ಅವಳು ಹೂಂ ಎಂದಿರಬೇಕು. ಮೊದಲು ಯಾರೂ ಅಲುಗಾಡಲಿಲ್ಲ. ನನ್ನ ಮುಂದಿನ ಸಾಲಿನ ಹೆಂಗಸು ಪಕ್ಕದವಳ ಕೈ ಹಿಡಿದುಕೊಂಡಳು. ನೀನು ಕ್ಯಾಮೆರಾದ ಪಕ್ಕ ಉಗುರು ಕಚ್ಚುತ್ತಾ ನಿಂತಿದ್ದೆ. ನಗಲಿಲ್ಲ, ಮುಗಿಯಿತು, ನನ್ನಿಂದಲೇ ಕೆಟ್ಟಿತು ಎಂದುಕೊಂಡೆ. ಅಷ್ಟರಲ್ಲಿ ಆ ಮೇಷ್ಟ್ರ ವೇಷದವನು ಅವಳ ಕೈಯಿಂದ ಟವೆಲ್ ತೆಗೆದುಕೊಂಡು, ಅವಳ ಮುಖವನ್ನೇ ನೋಡುತ್ತಾ, ಮೆಲ್ಲಗೆ ಸುರುಳಿ ಸುತ್ತತೊಡಗಿದ. ಇವರು ಒಮ್ಮೆಲೇ ನಕ್ಕರು. ಅದು ನನಗೆ ಕೇಳಿಸಿತು. ಅದರ ಹಿಂದೆಯೇ ನಾನು ಕೂತ ಹಲಗೆ ನಡುಗಿತು.

ಭೂಕಂಪ ಎಂದುಕೊಂಡೆ. ಸುತ್ತ ನೋಡಿದರೆ ಎಲ್ಲರೂ ಹೊಟ್ಟೆ ಹಿಡಿದುಕೊಂಡಿದ್ದಾರೆ. ಹಲಗೆ ನಿಂತಿತು, ಅವಳು ಏನೋ ಅಂದಳು, ಮತ್ತೆ ನಡುಗಿತು, ಈ ಸಲ ಮೊದಲಿಗಿಂತ ಜೋರಾಗಿ. ಬೆನ್ನಿನವರೆಗೆ ಬಂತು. ಎಷ್ಟು ವರ್ಷವಾಗಿತ್ತು, ಇಷ್ಟೊಂದು ಜನ ನಗುವುದು ನನ್ನ ಪಾಲಿಗೆ ಬಂದು. ನಾನು ಚಪ್ಪಲಿ ಬಿಟ್ಟು ಎರಡೂ ಪಾದ ಹಲಗೆಯ ಮೇಲೆ ಊರಿ ಕೂತೆ. ನನಗೂ ನಗು ಬಂತು. ಯಾಕೆ ಎಂದು ಗೊತ್ತಿಲ್ಲ, ತಡೆಯಲಾಗಲಿಲ್ಲ.

ಇವರು ನನ್ನ ಕಡೆ ಬಗ್ಗಿ, "ಏನು ಕೇಳಿಸ್ತು ಅಂತ ನಗ್ತಿದೀಯ?" ಎಂದರು.

"ಎಲ್ಲಾ ಕೇಳಿಸ್ತಿದೆ, ನೀವು ಸ್ವಲ್ಪ ಸುಮ್ನಿರಿ" ಎಂದೆ.

ಇಂತಿ
ಅಕ್ಕ